ಗಂಧಕ ತೆಗೆಯುವ ಕ್ಯಾಟಲಿಸ್ಟ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು

ಮಾನ್ಯ ಗ್ರಾಹಕರೇ, ಇಂಧನದಿಂದ ಗಂಧಕ ತೆಗೆಯುವ ಕ್ಯಾಟಲಿಸ್ಟನ್ನು ಕೊಂಡಿದ್ದಕ್ಕೆ ಅಭಿನಂದನೆಗಳು. ‘ನಾನು ಯಾವಾಗ ಕೊಂಡೆ?’ ಎಂದು ಹುಬ್ಬೇರಿಸಬೇಡಿ. 2020ರ ಏಪ್ರಿಲ್ 1ರಿಂದೀಚೆಗೆ ಈ ದೇಶದ ಯಾವ ಬಂಕಿನಲ್ಲಿ ಒಂದು ಲೀಟರ್ ಪೆಟ್ರೋಲೋ ಡೀಸೆಲ್ಲೋ ಹಾಕಿಸಿದ್ದರೂ ಇದರಲ್ಲಿ ನಿಮ್ಮ ಪಾಲಿದೆ. ಅಂದಿನಿಂದ ದೇಶವಿಡೀ ಬಿಎಸ್-6 ಇಂಧನ ಕಡ್ಡಾಯವಾಯಿತು. ಅದಕ್ಕೆ ತಕ್ಕಂತೆ ರಿಫೈನರಿಗಳನ್ನು ತಿದ್ದಿ ಕಟ್ಟಲು ತೈಲ ಕಂಪನಿಗಳು ಮೂವತ್ತು ಸಾವಿರ ಕೋಟಿ ರೂಪಾಯಿಯ ಆಸುಪಾಸು ಸುರಿದವು. ಕಂಪನಿಗಳು ಸುರಿಯುವ ಹಣ ಕೊನೆಗೆ ಯಾರ ಜೇಬಿನಿಂದ ಬರುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಮಿಕ್ಸಿಗೂ ಕೈಪಿಡಿ ಕೊಡುವ ದೇಶದಲ್ಲಿ ಇಷ್ಟು ದೊಡ್ಡ ಸರಂಜಾಮಿಗೆ ಕೈಪಿಡಿ ಕೊಡದೇ ಇದ್ದದ್ದು ಲೋಪವೇ ಸರಿ. ಒಂದು ಸಬೂಬು ಇದೆ. ಆ ಏಪ್ರಿಲ್ 1ರ ಹೊತ್ತಿಗೆ ಲಾಕ್‌ಡೌನ್ ಶುರುವಾಗಿ ಒಂದು ವಾರವಾಗಿತ್ತು. ಹೊಸ ಇಂಧನ ಬಂದದ್ದು ಖಾಲಿ ರಸ್ತೆಗಳಿಗೆ. ಆಕಾಶ ತಿಳಿಯಾದದ್ದನ್ನು ಎಲ್ಲರೂ ಫೋಟೋ ಹಿಡಿದರು, ಶ್ರೇಯವನ್ನೆಲ್ಲ ಲಾಕ್‌ಡೌನಿಗೆ ಕೊಟ್ಟರು. ಅದು ನ್ಯಾಯವೇ. ಆದರೆ ಕ್ಯಾಟಲಿಸ್ಟಿನ ಹೆಸರನ್ನು ಯಾರೂ ಎತ್ತಲಿಲ್ಲ. ಆಮೇಲೆ ರಸ್ತೆಗಳು ತುಂಬಿದವು, ಮಾತು ಮರೆತುಹೋಯಿತು. ಹಾಗಾಗಿ ಈ ಕೈಪಿಡಿ ತಡವಾಗಿ ನಿಮ್ಮ ಕೈ ಸೇರುತ್ತಿದೆ. ಜೋಪಾನವಾಗಿ ಇಟ್ಟುಕೊಳ್ಳಿ. ಮಿಕ್ಸಿಯ ಕೈಪಿಡಿ ಹೋದ ಕಡೆಗೆ ಇದನ್ನೂ ಕಳಿಸಬೇಡಿ.

ಈ ಉತ್ಪನ್ನದಿಂದ ಏನು ಉಪಯೋಗ

ನೆಲದೊಳಗಿನಿಂದ ಬರುವ ಕಚ್ಚಾ ತೈಲದಲ್ಲಿ ಗಂಧಕ ಬೆರೆತೇ ಇರುತ್ತದೆ. ಸೌದಿ ಅರೇಬಿಯಾದ ಅರಬ್ ಲೈಟ್ ಎಂಬ ತೈಲದಲ್ಲಿ ಶೇಕಡಾ 2ರ ಆಸುಪಾಸು. ಹೆಸರಿನಲ್ಲಿ ಲೈಟ್ ಇದ್ದರೂ ನೂರು ಟನ್ನಿಗೆ ಸುಮಾರು ಎರಡು ಟನ್ ಗಂಧಕ. ಅದನ್ನು ಹಾಗೇ ಸುಟ್ಟರೆ ಗಂಧಕದ ಡೈಆಕ್ಸೈಡ್ ಆಗಿ ಹೊರಬಂದು ಮಳೆಯನ್ನು ಆಮ್ಲವಾಗಿಸುತ್ತದೆ, ಸೂಕ್ಷ್ಮ ಕಣವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಬಂಕಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರಲ್ಲಿರುವ ಡೀಸೆಲ್ ಹತ್ತು ಟನ್ನಿಗೆ ಸ್ವಲ್ಪ ಕಡಿಮೆ ತೂಗುತ್ತದೆ. 2000ದ ಸುಮಾರಿಗೆ ದೇಶದಲ್ಲಿ ಡೀಸೆಲ್ಲಿಗೆ ಶೇಕಡಾ 0.25 ಗಂಧಕದ ಮಿತಿ ಇತ್ತು; ಎಂದರೆ ಟ್ಯಾಂಕರ್ ಒಂದಕ್ಕೆ 25 ಕಿಲೋ. ಬಿಎಸ್-2ರಲ್ಲಿ ಅದು 5 ಕಿಲೋಗೆ ಇಳಿಯಿತು, ಬಿಎಸ್-3ರಲ್ಲಿ ಮೂರೂವರೆಗೆ, ಬಿಎಸ್-4ರಲ್ಲಿ ಅರ್ಧ ಕಿಲೋಗೆ. ಐದನೆಯ ಮೆಟ್ಟಿಲನ್ನು ಹಾರಿ ಸರ್ಕಾರ ನೇರ ಆರಕ್ಕೆ ಹೋಯಿತು. ಈಗಿನ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಇಡೀ ಟ್ಯಾಂಕರಿನಲ್ಲಿ ನೂರು ಗ್ರಾಂ ಗಂಧಕ.

ಅರ್ಧ ಕಿಲೋ ಸಾಲದೇ ಇತ್ತೇ, ನೂರು ಗ್ರಾಮಿನ ಹಟ ಯಾಕೆ ಎಂದು ಕೇಳಬಹುದು. ಉತ್ತರ ನಿಮ್ಮ ಗಾಡಿಯ ಹೊಟ್ಟೆಯಡಿ ಇದೆ. ಹೊಗೆ ಕೊಳವೆಯಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಸವರಿದ ಇನ್ನೊಂದು ಕ್ಯಾಟಲಿಸ್ಟ್ ಕೂತಿರುತ್ತದೆ. ಹೊಗೆಯಲ್ಲಿನ ವಿಷವನ್ನು ಮುರಿಯುವುದು ಅದರ ಕೆಲಸ. ಅದಕ್ಕೆ ಗಂಧಕ ಕಂಡರಾಗದು. ಲೋಹದ ಮೈಮೇಲೆ ಗಂಧಕ ಒಮ್ಮೆ ಹತ್ತಿ ಕೂತರೆ ಉಳಿದ ಅನಿಲಗಳಿಗೆ ಅಲ್ಲಿ ಜಾಗವಿಲ್ಲ. ಗಾಡಿಯಲ್ಲಿರುವ ಗಂಧಕದ ಶತ್ರು ಸುರಕ್ಷಿತವಾಗಿರಲೆಂದು ರಿಫೈನರಿಯಲ್ಲಿ ಗಂಧಕದ ಮಿತ್ರನೊಬ್ಬನನ್ನು ಕಾವಲಿಗೆ ಇಟ್ಟಿದ್ದಾರೆ. ಈ ಕೈಪಿಡಿ ಆ ಮಿತ್ರನದು.

ಗಮನಿಸಿ: ಈ ಸೌಲಭ್ಯ ರಸ್ತೆಗೆ ಮಾತ್ರ. ವಿಮಾನದ ಇಂಧನದಲ್ಲಿ ಶೇಕಡಾ 0.3ರವರೆಗೆ ಗಂಧಕ ಇರಬಹುದು. ಹಡಗುಗಳಿಗೆ 2020ರ ಜನವರಿಯಿಂದ ಶೇಕಡಾ 0.5ರ ಮಿತಿ ಬಂದಿದೆ, ಅಂದರೆ ನಿಮ್ಮ ಡೀಸೆಲ್ಲಿನ ಐನೂರು ಪಟ್ಟು. ಹೊಗೆ ತೊಳೆಯುವ ಯಂತ್ರ ಇಟ್ಟುಕೊಂಡರೆ ಅದಕ್ಕಿಂತಲೂ ಕೊಳಕನ್ನು ಸುಡಬಹುದು. ಮಂಗಳೂರಿನ ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್ ರಿಫೈನರಿಗೆ ಕಚ್ಚಾ ತೈಲ ಹೊತ್ತು ತರುವುದು ಹಡಗೇ. ಹತ್ತರ ಇಂಧನ ತಯಾರಿಸುವ ಮನೆಗೆ ಸಾಮಾನು ಬರುವುದು ಐದು ಸಾವಿರದ ಗಾಡಿಯಲ್ಲಿ.

ಪೆಟ್ಟಿಗೆಯಲ್ಲಿ ಏನೇನಿದೆ

ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಕಡ್ಡಿಚೂರುಗಳು. ಅಡ್ಡಲಾಗಿ ಮುರಿದು ನೋಡಿದರೆ ಮೂರು ಅಥವಾ ನಾಲ್ಕು ಎಸಳು ಕಾಣುತ್ತವೆ. ಎಸಳು ಶೋಭೆಗಲ್ಲ, ಎಣ್ಣೆ ಒಳಗಿನವರೆಗೂ ಬೇಗ ಇಳಿಯಲಿ ಎಂದು. ಕಡ್ಡಿಯ ಮೈ ಅಲ್ಯುಮಿನಾ. ಅದರ ತುಂಬ ಕಣ್ಣಿಗೆ ಕಾಣದ ತೂತು. ಆ ತೂತುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಗ್ರಾಂ ಕ್ಯಾಟಲಿಸ್ಟಿಗೆ ಇನ್ನೂರು ಚದರ ಮೀಟರಿಗೂ ಹೆಚ್ಚು ಜಾಗ ಸಿಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಚಿಟಿಕೆ ಪುಡಿಯಲ್ಲಿ ಒಂದು ನಲವತ್ತು-ಅರವತ್ತು ಸೈಟು. ದುರದೃಷ್ಟಕ್ಕೆ ಇದಕ್ಕೆ ಖಾತೆ ಆಗುವುದಿಲ್ಲ.

ಆ ಗೋಡೆಗಳಿಗೆ ಮಾಲಿಬ್ಡಿನಂ ಆಕ್ಸೈಡ್ ಬಳಿದಿರುತ್ತಾರೆ, ಜತೆಗೆ ಅದರ ಕಾಲುಭಾಗಕ್ಕಿಂತ ಕಡಿಮೆ ತೂಕದ ಕೋಬಾಲ್ಟ್ ಅಥವಾ ನಿಕಲ್. ಕಡ್ಡಿ ನೀಲಿಯಾಗಿದ್ದರೆ ಕೋಬಾಲ್ಟ್, ಹಸಿರು ಹಳದಿಯಾಗಿದ್ದರೆ ನಿಕಲ್. ಬಣ್ಣಕ್ಕೆ ಮನಸೋಲಬೇಡಿ, ಹೇಗೂ ಕಪ್ಪಾಗಲಿದೆ.

ಪೆಟ್ಟಿಗೆಯಲ್ಲಿ ಇಲ್ಲದ್ದು: ದಪ್ಪ ಉಕ್ಕಿನ ರಿಯಾಕ್ಟರ್, ಕುಲುಮೆ, ಕಂಪ್ರೆಸರ್, ಹೈಡ್ರೋಜನ್ ಘಟಕ, ಗಂಧಕದ ಘಟಕ. ಇವನ್ನು ಬೇರೆಯಾಗಿ ಕೊಳ್ಳಬೇಕು. ಒಟ್ಟು ಖರ್ಚಿನಲ್ಲಿ ಕ್ಯಾಟಲಿಸ್ಟಿನ ಬೆಲೆ ಪುಡಿಗಾಸು. ಮೂವತ್ತು ಸಾವಿರ ಕೋಟಿ ಹೋದದ್ದು ಹೆಚ್ಚಾಗಿ ಈ ಸಾಲಿನಲ್ಲಿರುವ ಸಾಮಾನಿಗೆ.

ಮೊದಲ ಬಳಕೆಗೆ ಮುನ್ನ

ಇಲ್ಲಿ ಸ್ವಲ್ಪ ನಿಧಾನಿಸಿ. ಪೆಟ್ಟಿಗೆಯಿಂದ ತೆಗೆದ ಕ್ಯಾಟಲಿಸ್ಟ್ ಯಾವ ಕೆಲಸಕ್ಕೂ ಬಾರದು. ಗಂಧಕ ತೆಗೆಯಲು ಬಂದ ಈ ಮಹಾಶಯನಿಗೆ ಮೊದಲು ಹೊಟ್ಟೆತುಂಬ ಗಂಧಕ ತಿನ್ನಿಸಬೇಕು. ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಗಂಧಕ ಕುಡಿದ ಮೇಲೆಯೇ ಅದು ಕೆಲಸಕ್ಕೆ ಏಳುವುದು.

ತಿನ್ನಿಸುವುದು ಡೈಮೀಥೈಲ್ ಡೈಸಲ್ಫೈಡ್ ಎಂಬ ದ್ರವವನ್ನು. ಕೊಳೆತ ಎಲೆಕೋಸಿನ ವಾಸನೆ. ಎರಡು ಹನಿ ಚೆಲ್ಲಿದರೂ ಇಡೀ ಘಟಕಕ್ಕೆ ಗೊತ್ತಾಗುತ್ತದೆ. ಹೈಡ್ರೋಜನ್ ಜತೆ ಬಿಸಿ ಮಾಡಿದಾಗ ಅದು ಒಡೆದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಈ ಅನಿಲ ಮಾಲಿಬ್ಡಿನಂ ಆಕ್ಸೈಡಿನಲ್ಲಿದ್ದ ಆಮ್ಲಜನಕವನ್ನು ಎಬ್ಬಿಸಿ ಅದರ ಜಾಗದಲ್ಲಿ ಗಂಧಕವನ್ನು ಕೂರಿಸುತ್ತದೆ. ಎದ್ದ ಆಮ್ಲಜನಕ ನೀರಾಗಿ ಕೆಳಗೆ ಇಳಿಯುತ್ತದೆ. ಎಷ್ಟು ನೀರು ಇಳಿಯಿತೆಂದು ಅಳೆದು ಕೆಲಸ ಎಷ್ಟಾಯಿತೆಂದು ಆಪರೇಟರುಗಳು ಅಂದಾಜು ಮಾಡುತ್ತಾರೆ.

ಅವಸರ ಮಾಡಿದರೆ ಮಾಲು ಕೆಡುತ್ತದೆ. ಗಂಧಕ ಹೊಟ್ಟೆ ಸೇರುವ ಮೊದಲೇ ಶಾಖ 230 ಡಿಗ್ರಿಯ ಆಸುಪಾಸನ್ನು ದಾಟಿದರೆ ಬರಿಯ ಹೈಡ್ರೋಜನ್ ಸಿಕ್ಕಿ ಆಕ್ಸೈಡು ಲೋಹವಾಗಿಬಿಡುತ್ತದೆ. ಆಮೇಲೆ ಎಷ್ಟು ಗಂಧಕ ಬಡಿಸಿದರೂ ಒಳಗೆ ಇಳಿಯದು. ಆದ್ದರಿಂದ ಹೊರ ಬರುವ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಕಾಣಿಸುವವರೆಗೂ, ಎಂದರೆ ಹೊಟ್ಟೆ ತುಂಬಿ ತೇಗು ಬರುವವರೆಗೂ, ಶಾಖ ಏರಿಸಬೇಡಿ. ಕೋಟಿಗಟ್ಟಲೆ ಬೆಲೆಯ ಕ್ಯಾಟಲಿಸ್ಟಿನ ಮುಂದಿನ ಎರಡು ಮೂರು ವರ್ಷದ ಹಣೆಬರಹ ಈ ಎರಡು ಮೂರು ದಿನಗಳಲ್ಲಿ ಬರೆದು ಮುಗಿಯುತ್ತದೆ.

ಹೇಗೆ ಕೆಲಸ ಮಾಡುತ್ತದೆ

ಈಗ ನಿಮ್ಮ ಕೈಯಲ್ಲಿರುವುದು ಮಾಲಿಬ್ಡಿನಂ ಡೈಸಲ್ಫೈಡ್, ಕಪ್ಪು ಪದರಗಳು. ಗ್ಯಾರೇಜಿನಲ್ಲಿ ಮೋಲಿ ಗ್ರೀಸ್ ಎಂದು ಬೇರಿಂಗಿಗೆ ಮೆತ್ತುವುದೂ ಇದೇ ಪದಾರ್ಥವನ್ನು. ಪದರದ ನಡುಭಾಗ ಸೋಮಾರಿ, ಅದಕ್ಕೇ ಗ್ರೀಸಿನಲ್ಲಿ ನುಣ್ಣಗೆ ಜಾರುತ್ತದೆ. ಕೆಲಸವೆಲ್ಲ ನಡೆಯುವುದು ಅಂಚಿನಲ್ಲಿ. ಅಂಚಿನ ಗಂಧಕವೊಂದು ಕಿತ್ತು ಖಾಲಿಯಾದ ಜಾಗಕ್ಕೆ ಎಣ್ಣೆಯಲ್ಲಿರುವ ಗಂಧಕ ಬಂದು ಸಿಕ್ಕಿಕೊಳ್ಳುತ್ತದೆ; ಪಕ್ಕದಲ್ಲಿರುವ ಹೈಡ್ರೋಜನ್ ಅದರ ಇಂಗಾಲದ ನಂಟನ್ನು ಕತ್ತರಿಸುತ್ತದೆ; ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಡುತ್ತದೆ; ಜಾಗ ಮತ್ತೆ ಖಾಲಿ. ಇದು 350 ಡಿಗ್ರಿಯ ಸುಮಾರಿನಲ್ಲಿ, ವಾತಾವರಣದ ಒತ್ತಡದ ಐವತ್ತು ಅರವತ್ತು ಪಟ್ಟಿನಲ್ಲಿ, ಹಗಲಿರುಳು ನಡೆಯುತ್ತದೆ.

ಕೋಬಾಲ್ಟ್ ಯಾಕೆ ಬೇಕು ಎಂಬ ಪ್ರಶ್ನೆಗೆ ಬಹಳ ವರ್ಷ ಉತ್ತರ ಇರಲಿಲ್ಲ. ಹಾಕಿದರೆ ಕೆಲಸ ಹಲವು ಪಟ್ಟು ಚುರುಕಾಗುತ್ತದೆ ಎಂಬುದಷ್ಟೇ ಗೊತ್ತಿತ್ತು. ನಮ್ಮ ಬಹುಪಾಲು ಅಡುಗೆಯ ಹಾಗೆ ಇಲ್ಲೂ ಹದ ಮೊದಲು ಬಂತು, ಶಾಸ್ತ್ರ ಆಮೇಲೆ. ಡೆನ್ಮಾರ್ಕಿನ ಹಾಲ್ಡೋರ್ ಟೋಪ್ಸೋ ಕಂಪನಿಯಲ್ಲಿ ಸ್ಥಾಪಕರ ಮಗ ಹೆನ್ರಿಕ್ ಟೋಪ್ಸೋ ಮತ್ತು ಸಂಗಡಿಗರು ವಿಕಿರಣಶೀಲ ಕೋಬಾಲ್ಟ್ ಬಳಸಿ ಮಾಸ್‌ಬೌವರ್ ವಿಧಾನದಲ್ಲಿ ಹುಡುಕಿ, ಕೋಬಾಲ್ಟ್ ಆ ಪದರಗಳ ಅಂಚಿನಲ್ಲೇ ಕೂರುತ್ತದೆಂದು ತೋರಿಸಿದರು. 2000ದ ಸುಮಾರಿಗೆ ಆರ್ಹುಸ್ ವಿಶ್ವವಿದ್ಯಾಲಯದವರ ಜತೆ ಸೇರಿ ಸೂಕ್ಷ್ಮದರ್ಶಕದಲ್ಲಿ ಈ ಹರಳುಗಳ ಪರಮಾಣುಗಳನ್ನೇ ಕಂಡರು. ಹರಳುಗಳು ತ್ರಿಕೋನಾಕಾರದಲ್ಲಿದ್ದವು. ಕಾರ್ಖಾನೆಗಳು ಆ ಹೊತ್ತಿಗೆ ಅರ್ಧ ಶತಮಾನದಿಂದ ಅವನ್ನು ದುಡಿಸಿಕೊಳ್ಳುತ್ತಿದ್ದವು.

ಎಣ್ಣೆಯಲ್ಲಿನ ಗಂಧಕವೆಲ್ಲ ಒಂದೇ ಸ್ವಭಾವದ್ದಲ್ಲ. ಮರ್ಕ್ಯಾಪ್ಟನ್‌ಗಳು ಮಾತಿಗೇ ಬಗ್ಗುತ್ತವೆ. ಥಯೋಫೀನಿನ ಕುಟುಂಬದವು ಸ್ವಲ್ಪ ಹಟ ಮಾಡಿ ಬಿಡುತ್ತವೆ. ಎಲ್ಲರಿಗಿಂತ ಕೊನೆಗೆ ಉಳಿಯುವುದು 4,6-ಡೈಮೀಥೈಲ್ ಡೈಬೆಂಜೋಥಯೋಫೀನ್. ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದವರಿಗೆ ಬಹುಮಾನವಿಲ್ಲ. ಇದರಲ್ಲಿ ಗಂಧಕ ಎರಡು ಬೆಂಜೀನ್ ಉಂಗುರಗಳ ನಡುವೆ ಅಡಗಿ ಕೂತು, ಎಡಕ್ಕೊಂದು ಬಲಕ್ಕೊಂದು ಮೀಥೈಲ್ ಗುಂಪನ್ನು ನಿಲ್ಲಿಸಿಕೊಂಡಿರುತ್ತದೆ. ಕ್ಯಾಟಲಿಸ್ಟಿನ ಅಂಚು ಗಂಧಕವನ್ನು ಮುಟ್ಟಲು ಹೋದರೆ ಈ ಇಬ್ಬರು ಅಡ್ಡ ನಿಲ್ಲುತ್ತಾರೆ.

ಗಂಧಕವನ್ನು ನೇರವಾಗಿ ಕಿತ್ತುಕೊಳ್ಳುವುದು ಕೋಬಾಲ್ಟಿನ ಜಾಯಮಾನ. ಸುಲಭದ ಅಣುಗಳಿಗೆ ಅದೇ ಸಾಕು, ಹೈಡ್ರೋಜನ್ನೂ ಕಡಿಮೆ ಹಿಡಿಯುತ್ತದೆ. ಕಾವಲಿನ ಅಣುವಿಗೆ ಮಾತ್ರ ನಿಕಲ್ ಬೇಕು. ಅದು ಗಂಧಕದ ತಂಟೆಗೇ ಹೋಗದೆ ಮೊದಲು ಪಕ್ಕದ ಉಂಗುರಕ್ಕೆ ಹೈಡ್ರೋಜನ್ ತುಂಬುತ್ತದೆ. ಚಪ್ಪಟೆಯಾಗಿದ್ದ ಉಂಗುರ ಮಡಚಿಕೊಳ್ಳುತ್ತದೆ, ಮೀಥೈಲ್ ಪಕ್ಕಕ್ಕೆ ಸರಿಯುತ್ತದೆ, ಗಂಧಕ ಬಯಲಿಗೆ ಬರುತ್ತದೆ. ಬಿಎಸ್-4ರವರೆಗೆ ಈ ಅಣುಗಳನ್ನು ಬಹುಮಟ್ಟಿಗೆ ಅವುಗಳ ಪಾಡಿಗೆ ಬಿಟ್ಟರೂ ನಡೆಯುತ್ತಿತ್ತು. 50ರಿಂದ 10ಕ್ಕೆ ಇಳಿಯುವುದೆಂದರೆ ಇಂಥವನ್ನು ಒಂದೊಂದಾಗಿ ಹಿಡಿಯುವುದು. ಟ್ಯಾಂಕರಿನಿಂದ ಮೊದಲ ಇಪ್ಪತ್ತನಾಲ್ಕೂವರೆ ಕಿಲೋ ತೆಗೆದದ್ದಕ್ಕಿಂತ ಕೊನೆಯ ನಾನೂರು ಗ್ರಾಂ ತೆಗೆಯುವುದು ಕಷ್ಟವಾದದ್ದು ಇದಕ್ಕೇ. ನಿಮ್ಮ ದುಡ್ಡು ಹೋದದ್ದೂ ಆ ನಾನೂರು ಗ್ರಾಮಿಗೆ.

ಹೈಡ್ರೋಜನ್ ಬಗ್ಗೆ ಸೂಚನೆ

ಹೈಡ್ರೋಜನ್ ಬೇಕಾದರೆ ನಾಫ್ತಾ ಅಥವಾ ನೈಸರ್ಗಿಕ ಅನಿಲವನ್ನು ಹಬೆಯ ಜತೆ ನಿಕಲ್ ಕ್ಯಾಟಲಿಸ್ಟಿನ ಮೇಲೆ ಕಾಯಿಸಿ ಪಡೆಯಿರಿ. ಆ ನಿಕಲ್ಲಿಗೆ ಗಂಧಕ ವಿಷ. ಆದ್ದರಿಂದ ನಾಫ್ತಾದ ಗಂಧಕವನ್ನು ಮೊದಲು ತೆಗೆಯಿರಿ. ತೆಗೆಯಲು ಈ ಕೈಪಿಡಿಯ ಆರಂಭಕ್ಕೆ ಹೋಗಿ. ಅಲ್ಲಿ ಹೈಡ್ರೋಜನ್ ಬೇಕೆಂದು ಬರೆದಿರುತ್ತದೆ. ಅದಕ್ಕೆ ಮತ್ತೆ ಇಲ್ಲಿಗೆ ಬನ್ನಿ. ಸರ್ಕಾರಿ ಕಚೇರಿಗಳಲ್ಲಿ ಓಡಾಡಿ ಅಭ್ಯಾಸವಿದ್ದವರಿಗೆ ಇದು ತೊಡಕೆನಿಸದು. ರಿಫೈನರಿಯಲ್ಲಿ ಬೇರೆ ಕಡೆಯಿಂದ ಒಂದಿಷ್ಟು ಹೈಡ್ರೋಜನ್ ಎರವಲು ತಂದು ಈ ಚಕ್ರವನ್ನು ಶುರು ಮಾಡುತ್ತಾರೆ.

ಒಂದು ಕಿಲೋ ಹೈಡ್ರೋಜನ್ ಹೀಗೆ ತಯಾರಿಸಿದರೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ನಿಮ್ಮ ಊರಿನ ಗಾಳಿ ಶುದ್ಧವಾದದ್ದರ ಒಂದು ಬಿಲ್ಲು ರಿಫೈನರಿಯ ಚಿಮಣಿಯಲ್ಲಿ ಪಾವತಿಯಾಗುತ್ತಿದೆ. ಆದರೂ ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರವೇ: ಮಕ್ಕಳ ಮೂಗಿನ ಮಟ್ಟದಲ್ಲಿ ಬೀದಿ ಬೀದಿಗೆ ಹರಡುವ ವಿಷವನ್ನು ತೆಗೆದು, ಒಂದೇ ಜಾಗದಲ್ಲಿ ಹಿಡಿಯಬಹುದಾದ ಅನಿಲವಾಗಿ ಬದಲಿಸಿಕೊಂಡಿದ್ದೇವೆ. ಹಿಡಿಯುತ್ತಿದ್ದೇವೆಯೇ ಎಂಬುದು ಬೇರೆ ಮಾತು.

ತೊಂದರೆ ಮತ್ತು ನಿವಾರಣೆ

ತೊಂದರೆ: ಹಳೆಯ ಶಾಖದಲ್ಲಿ ಗಂಧಕ ಹತ್ತಕ್ಕೆ ಇಳಿಯುತ್ತಿಲ್ಲ.
ಕಾರಣ: ವಯಸ್ಸು. ಅಂಚುಗಳ ಮೇಲೆ ಮಸಿ ಕೂರುತ್ತಿದೆ. ತಿಂಗಳಿಗೆ ಒಂದೆರಡು ಡಿಗ್ರಿ ಏರಿಸುತ್ತ ಹೋಗಿ. ಕೊನೆಕೊನೆಗೆ ಶಾಖ ವಿಪರೀತವಾದಾಗ ಡೀಸೆಲ್ಲಿನ ಬಣ್ಣ ಹಸಿರು ಹಳದಿಗೆ ತಿರುಗುತ್ತದೆ. ಆಗ ಶಟ್‌ಡೌನಿಗೆ ದಿನ ಗೊತ್ತು ಮಾಡಿ.

ತೊಂದರೆ: ಕ್ಯಾಟಲಿಸ್ಟ್ ಹೊಸದು, ಶಾಖ ಸರಿಯಿದೆ, ಆದರೂ ಗಂಧಕ ಇಪ್ಪತ್ತು ತೋರಿಸುತ್ತಿದೆ.
ಕಾರಣ: ಕ್ಯಾಟಲಿಸ್ಟನ್ನು ಬೈಯುವ ಮೊದಲು ಶಾಖ ವಿನಿಮಯ ಯಂತ್ರವನ್ನು ನೋಡಿ. ಒಳಗೆ ಹೋಗುವ ಕೊಳಕು ಎಣ್ಣೆ, ಹೊರಗೆ ಬರುವ ಶುದ್ಧ ಎಣ್ಣೆ ಅಲ್ಲಿ ಒಂದೇ ಗೋಡೆಯ ಆಚೀಚೆ ಹರಿಯುತ್ತವೆ. ಕೊಳಕು ಎಣ್ಣೆಯಲ್ಲಿ ಶೇಕಡಾ 1 ಗಂಧಕ ಇದ್ದರೆ, ಸಾವಿರಕ್ಕೆ ಒಂದು ಪಾಲು ಸೋರಿದರೂ ಹತ್ತು ಹೆಚ್ಚಾಗುತ್ತದೆ. ಬಿಎಸ್-2ರ ಕಾಲದಲ್ಲಿ ಇಂಥ ಸೋರಿಕೆಯನ್ನು ಯಾರೂ ಗಮನಿಸುತ್ತಿರಲಿಲ್ಲ.

ತೊಂದರೆ: ಕ್ಯಾಟಲಿಸ್ಟ್ ಅಕಾಲದಲ್ಲಿ ಸತ್ತಿದೆ, ಮಸಿಯೂ ಇಲ್ಲ.
ಕಾರಣ: ಸಿಲಿಕಾನ್ ಇರಬಹುದು. ಕೋಕರ್ ಘಟಕದಲ್ಲಿ ನೊರೆ ಉಕ್ಕದಿರಲೆಂದು ಸಿಲಿಕೋನ್ ಹಾಕುತ್ತಾರೆ. ಅದು ಮುರಿದು ನಾಫ್ತಾದ ಜತೆ ಬಂದು ಇಲ್ಲಿ ಕೂರುತ್ತದೆ. ಒಂದು ಘಟಕದ ಔಷಧ ಪಕ್ಕದ ಘಟಕಕ್ಕೆ ವಿಷ. ಪರಿಹಾರ: ಮುಂದುಗಡೆ ಅಗ್ಗದ ಕ್ಯಾಟಲಿಸ್ಟಿನದೊಂದು ಪದರ ಹಾಕಿ, ಪೆಟ್ಟೆಲ್ಲ ಅದಕ್ಕೆ ಬೀಳಲಿ.

ತೊಂದರೆ: ‘ಗಂಧಕ ಹೋಯಿತು, ಪಂಪೂ ಹೋಯಿತು’ ಎನ್ನುತ್ತಾನೆ ಮೆಕ್ಯಾನಿಕ್.
ಕಾರಣ: ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸ್ವೀಡನ್ ಎಲ್ಲರಿಗಿಂತ ಮೊದಲೇ ಹತ್ತರ ಡೀಸೆಲ್ ತಂದಾಗ ಅಲ್ಲಿ ಇಂಧನ ಪಂಪುಗಳು ಸವೆದವು. ಜಾರುವ ಗುಣ ಇದ್ದದ್ದು ಗಂಧಕಕ್ಕಲ್ಲ. ಗಂಧಕ ತೆಗೆಯುವ ಭರದಲ್ಲಿ ಹೈಡ್ರೋಜನ್ ಜತೆಗೇ ಹೊತ್ತೊಯ್ಯುವ ಇತರ ಅಣುಗಳಿಗೆ. ಈಗ ಆ ಗುಣವನ್ನು ಬೇರೆ ಪದಾರ್ಥ ಬೆರೆಸಿ ಮರಳಿ ತರುತ್ತಾರೆ. ಡೀಸೆಲ್ಲಿನಲ್ಲಿ ಲೋಹದ ಗುಂಡನ್ನು ಉಜ್ಜಿ ನೋಡಿದಾಗ ಆಗುವ ಗಾಯ 460 ಮೈಕ್ರಾನ್ ಮೀರಬಾರದೆಂಬ ನಿಯಮವೇ ಇದೆ.

ತೊಂದರೆ: ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು, ಈಗ ನಿಂತಿದೆ.
ಪರಿಹಾರ: ಓಡಿ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ನೂರು ಪಾಲು ಆದಾಗ ಮೂಗಿನ ನರ ಸೋಲುತ್ತದೆ. ವಾಸನೆ ಹೋದದ್ದು ಅನಿಲ ಕಡಿಮೆಯಾಗಿ ಅಲ್ಲದೆಯೂ ಇರಬಹುದು. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಓಡಿ, ಎತ್ತರದ ಕಡೆಗೆ.

ಅಡುಗೆ ಅನಿಲದ ಗ್ರಾಹಕರಿಗೆ: ನಿಮ್ಮ ಸಿಲಿಂಡರಿಗೆ ಈ ಕೈಪಿಡಿ ಅನ್ವಯಿಸದು. ಅದರ ದುರ್ವಾಸನೆಯ ಮರ್ಕ್ಯಾಪ್ಟನ್‌ಗಳನ್ನು ತೆಗೆಯಲು ಮೆರಾಕ್ಸ್ ಎಂಬ ಬೇರೆ ವಿಧಾನವಿದೆ, 1958ರಿಂದ ಬಳಕೆಯಲ್ಲಿದೆ, ಅಲ್ಲಿಯೂ ಕೋಬಾಲ್ಟೇ. ಹಾಗೆ ಕಷ್ಟಪಟ್ಟು ತೆಗೆದ ಮೇಲೆ, ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ನನ್ನು ಅಳೆದು ಮತ್ತೆ ಹಾಕುತ್ತಾರೆ. ಇದರಲ್ಲಿ ಹಾಸ್ಯವೇನೂ ಇಲ್ಲ. ಲೆಕ್ಕವಿಲ್ಲದ ಗಂಧಕ ಬೇಡ, ಲೆಕ್ಕವಿರುವ ಗಂಧಕ ಬೇಕು, ಅಷ್ಟೇ.

ತೆಗೆದ ಗಂಧಕ ಎಲ್ಲಿ ಹೋಗುತ್ತದೆ

ಕ್ಯಾಟಲಿಸ್ಟ್ ಗಂಧಕವನ್ನು ನಾಶ ಮಾಡುವುದಿಲ್ಲ. ಯಾವುದಕ್ಕೂ ಅದು ಸಾಧ್ಯವಿಲ್ಲ. ಎಣ್ಣೆಯಿಂದ ಬಿಡಿಸಿ ಅನಿಲದ ಕೈಗೆ ಕೊಡುತ್ತದೆ. ಆ ಅನಿಲವನ್ನು ಅಮೈನ್ ದ್ರಾವಣದಲ್ಲಿ ಹಿಡಿದು, ಮೂರರಲ್ಲಿ ಒಂದು ಪಾಲನ್ನು ಸುಟ್ಟು, ಸುಟ್ಟದ್ದನ್ನು ಸುಡದಿದ್ದುದರ ಜತೆ ಕೂಡಿಸಿದರೆ ಹಳದಿ ಗಂಧಕವೂ ನೀರೂ ಸಿಗುತ್ತವೆ. ಕಾರ್ಲ್ ಫ್ರೀಡ್ರಿಕ್ ಕ್ಲೌಸ್ ಎಂಬ ರಸಾಯನಜ್ಞ 1883ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯದ ತಿದ್ದಿದ ರೂಪ ಇದು.

ಭಾರತದಲ್ಲಿ ಗಂಧಕದ ಗಣಿಗಾರಿಕೆ ನಡೆಯುವುದಿಲ್ಲ. ಇಲ್ಲಿ ತಯಾರಾಗುವ ಹಳದಿ ಗಂಧಕ ರಿಫೈನರಿಗಳದ್ದು. ಆಮದಾಗುವುದೂ ಹೆಚ್ಚಾಗಿ ಬೇರೆ ದೇಶದ ಎಣ್ಣೆ, ಅನಿಲದಿಂದ ತೆಗೆದದ್ದೇ. ಅದು ಗಂಧಕಾಮ್ಲವಾಗಿ ರಸಗೊಬ್ಬರಕ್ಕೆ ಹೋಗುತ್ತದೆ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಬೂದಿರೋಗಕ್ಕೆ ಸಿಂಪಡಣೆಯಾಗುತ್ತದೆ, 2023ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಯೂರಿಯಾ ಗೋಲ್ಡ್ ಎಂಬ ಗೊಬ್ಬರಕ್ಕೆ ಲೇಪನವಾಗುತ್ತದೆ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಹೋಗುತ್ತದೆ. ಅಲ್ಲಿ ಗಂಧಕ ಸುಟ್ಟು ಬರುವ ಹೊಗೆಯನ್ನು ಕಬ್ಬಿನ ಹಾಲಿಗೆ ಹಾಯಿಸಿ ಸಕ್ಕರೆಯನ್ನು ಬೆಳ್ಳಗೆ ಮಾಡುತ್ತಾರೆ. ಡೀಸೆಲ್ಲಿನಲ್ಲಿ ಬೇಡವೆಂದು ಹಣ ತೆತ್ತು ತೆಗೆಸಿದ್ದನ್ನು ಸಕ್ಕರೆ ಬೆಳ್ಳಗಿರಲಿ ಎಂದು ಹಣ ತೆತ್ತು ಹಾಕಿಸುತ್ತೇವೆ. ಗಂಧಕರಹಿತ ಸಕ್ಕರೆ ಬೇಕೆಂದರೆ ಅಂಗಡಿಯಲ್ಲಿ ಇನ್ನಷ್ಟು ತೆರಬೇಕು.

ಈ ವ್ಯವಹಾರದ ಎರಡೂ ತುದಿ ಹಿಡಿದ ಮನುಷ್ಯನೊಬ್ಬನಿದ್ದ. ಹರ್ಮನ್ ಫ್ರಾಶ್, ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. 1885ರಲ್ಲಿ ಒಹಾಯೊದ ಲೈಮಾದಲ್ಲಿ ಸಿಕ್ಕ ಎಣ್ಣೆಯಿಂದ ಮಾಡಿದ ಸೀಮೆಎಣ್ಣೆ ಎಷ್ಟು ನಾರುತ್ತಿತ್ತೆಂದರೆ ದೀಪ ಹಚ್ಚಿದವರು ಮನೆ ಬಿಡಬೇಕಾಗುತ್ತಿತ್ತು. ಫ್ರಾಶ್ ಅದರ ಗಂಧಕವನ್ನು ತಾಮ್ರದ ಆಕ್ಸೈಡಿನಿಂದ ಹಿಡಿದು, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಅದೃಷ್ಟವನ್ನೂ ತನ್ನದನ್ನೂ ಖುಲಾಯಿಸಿದ. ಆಮೇಲೆ 1894ರಲ್ಲಿ ಲೂಸಿಯಾನಾದಲ್ಲಿ ಕುದಿಯುವುದಕ್ಕಿಂತ ಬಿಸಿಯಾದ ನೀರನ್ನು ಭೂಮಿಗೆ ನುಗ್ಗಿಸಿ, ಒಳಗಿದ್ದ ಗಂಧಕವನ್ನು ಕರಗಿಸಿ ಮೇಲೆತ್ತಿದ. ಅವನ ವಿಧಾನದ ಗಣಿಗಳು ಒಂದು ಶತಮಾನ ಜಗತ್ತಿಗೆ ಗಂಧಕ ಉಣಿಸಿದವು. ಅಮೆರಿಕದಲ್ಲಿ ಅಂಥ ಕೊನೆಯ ಗಣಿ 2000ದಲ್ಲಿ ಮುಚ್ಚಿತು. ರಿಫೈನರಿಗಳು ಎಣ್ಣೆಯಿಂದ ತೆಗೆದ ಗಂಧಕ ಅಷ್ಟು ಅಗ್ಗವಾಗಿತ್ತು. ಫ್ರಾಶ್ ಶುರು ಮಾಡಿದ ಮೊದಲ ಕಸುಬು ಅವನ ಎರಡನೆಯ ಕಸುಬನ್ನು ನುಂಗಿತು.

ಈಗಿನ ಕ್ಯಾಟಲಿಸ್ಟಿನ ವಂಶ ಮಾತ್ರ ಫ್ರಾಶ್‌ನದಲ್ಲ. 1920ರ ದಶಕದಲ್ಲಿ ಜರ್ಮನಿಯ ಮಥಿಯಾಸ್ ಪಿಯರ್ ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡಲು ಹೊರಟಾಗ, ಗಂಧಕಕ್ಕೆ ಸಾಯದ ಕ್ಯಾಟಲಿಸ್ಟ್ ಬೇಕಾಯಿತು. ಮಾಲಿಬ್ಡಿನಂ, ಟಂಗ್‌ಸ್ಟನ್‌ಗಳ ಸಲ್ಫೈಡು ಸಿಕ್ಕಿದ್ದು ಆಗ. ಸಾಯದಿದ್ದರೆ ಸಾಕು ಎಂದು ಆರಿಸಿದ್ದು ಮುಂದೆ ಗಂಧಕವನ್ನೇ ತೆಗೆಯುವ ಕೆಲಸಕ್ಕೆ ನಿಂತಿತು.

ಬೇರೆ ಮಾದರಿಗಳು

ರೋಡೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೋಣೆಯ ಶಾಖದಲ್ಲೇ ಮೀಥೈಲ್ ಕಾವಲಿನ ಆ ಹಟಮಾರಿ ಅಣುವಿನ ಗಂಧಕವನ್ನು ಬಿಡಿಸಬಲ್ಲದು. ಹೈಡ್ರೋಜನ್ ಬೇಡ, ಒತ್ತಡ ಬೇಡ. ತೊಂಬತ್ತರ ದಶಕದಲ್ಲಿ ದೊಡ್ಡ ಆಸೆ ಹುಟ್ಟಿಸಿತ್ತು. ನಿಧಾನ ಹೆಚ್ಚು, ನೀರೂ ಬೇಕು. ರಿಫೈನರಿಗಳು ಕಾಯಲಿಲ್ಲ.

ಹೊರತೆಗೆಯುವುದು

ಈ ಭಾಗದಲ್ಲಿ ತಮಾಷೆ ಇಲ್ಲ. ಬಳಸಿದ ಕ್ಯಾಟಲಿಸ್ಟಿಗೆ ಗಾಳಿ ತಗುಲಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ರಿಯಾಕ್ಟರಿನ ತುಂಬ ಸಾರಜನಕ ತುಂಬಿ, ಆ ಉಸಿರಿಲ್ಲದ ಗಾಳಿಯೊಳಗೆ ಮನುಷ್ಯರನ್ನು ಇಳಿಸುತ್ತಾರೆ. ಹೊರಗಿನಿಂದ ಕೊಳವೆಯಲ್ಲಿ ಬರುವ ಗಾಳಿಯೇ ಅವರ ಉಸಿರು. ಕೊಳವೆ ಮಡಚಿದರೆ, ಹೆಲ್ಮೆಟ್ ಕಳಚಿದರೆ ಎರಡು ಮೂರು ಉಸಿರಿನಲ್ಲಿ ಪ್ರಜ್ಞೆ ಹೋಗುತ್ತದೆ. ಸಾರಜನಕಕ್ಕೆ ವಾಸನೆಯಿಲ್ಲ, ಮುನ್ಸೂಚನೆಯಿಲ್ಲ. ನಿಕಲ್ ಇರುವ ಕ್ಯಾಟಲಿಸ್ಟನ್ನು ತಣಿಸುವಾಗ ಒಳಗೆ ಕಾರ್ಬನ್ ಮಾನಾಕ್ಸೈಡ್ ಉಳಿದಿದ್ದರೆ ನಿಕಲ್ ಕಾರ್ಬೊನಿಲ್ ಎಂಬ ಘೋರ ವಿಷವೂ ಹುಟ್ಟಬಹುದು. ನಮ್ಮ ಇಂಧನದ ಶುದ್ಧಿ ಕೊನೆಗೆ ನಿಂತಿರುವುದು ಈ ಕೊಳವೆ ಹಿಡಿದು ಇಳಿಯುವ ಗುತ್ತಿಗೆ ಕಾರ್ಮಿಕರ ಮೇಲೆ. ಯಾವ ಬಿಎಸ್-6 ಜಾಹೀರಾತಿನಲ್ಲೂ ನಾನು ಅವರನ್ನು ನೋಡಿಲ್ಲ.

ತೆಗೆದ ಕ್ಯಾಟಲಿಸ್ಟನ್ನು ಎಸೆಯಬೇಡಿ. ಮಸಿ ಸುಟ್ಟರೆ ಇನ್ನೊಂದು ಬಾರಿಗೆ ಬರುತ್ತದೆ. ಅದೂ ಆಗದಿದ್ದರೆ ಒಳಗಿರುವ ಮಾಲಿಬ್ಡಿನಂ, ಕೋಬಾಲ್ಟ್ ತೆಗೆದು ಮಾರಬಹುದು.

ಗ್ಯಾರಂಟಿ

ಕುತ್ತೆತ್ತೂರಿನಿಂದ ಹೊರಟ ಡೀಸೆಲ್ ಹಾಸನದ ಮೂಲಕ ಬೆಂಗಳೂರಿನ ಹೊರಗಿನ ದೇವನಗೊಂದಿಗೆ 362 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ. ಅದೇ ಪೈಪಿನಲ್ಲಿ ಸರದಿಯ ಮೇಲೆ ಬೇರೆ ಎಣ್ಣೆಗಳೂ ಹರಿಯುತ್ತವೆ. ಒಂದರ ಬಾಲ ಇನ್ನೊಂದರ ತಲೆಗೆ ತಾಗುವಲ್ಲಿ ಬೆರೆತ ಭಾಗವನ್ನು ಬೇರೆಯಾಗಿ ತೆಗೆದಿಡುತ್ತಾರೆ. ಅಲ್ಲಿಯವರೆಗಿನ ಜವಾಬ್ದಾರಿ ಕಂಪನಿಯದು.

ಬಂಕಿನಿಂದಾಚೆಗೆ ನಿಮ್ಮದು. ಸೀಮೆಎಣ್ಣೆಯಲ್ಲಿ ಶೇಕಡಾ 0.25ರವರೆಗೆ ಗಂಧಕ ಇರಲು ಅನುಮತಿ ಇದೆ. ನೂರು ಲೀಟರ್ ಡೀಸೆಲ್ಲಿಗೆ ಯಾರಾದರೂ ಒಂದೇ ಲೀಟರ್ ಅಂಥ ಸೀಮೆಎಣ್ಣೆ ಬೆರೆಸಿದರೆ ಹತ್ತು ಇದ್ದದ್ದು ಮೂವತ್ತೈದರ ಹತ್ತಿರ ಹೋಗುತ್ತದೆ. ಆ ಒಂದು ಲೀಟರಿನಲ್ಲಿ ಕೋಬಾಲ್ಟ್, ನಿಕಲ್, ಹೈಡ್ರೋಜನ್, ಮೂವತ್ತು ಸಾವಿರ ಕೋಟಿ, ಎಲ್ಲವೂ ವ್ಯರ್ಥ. ಆದ್ದರಿಂದ ನಂಬಿಕೆಯ ಬಂಕಿನಲ್ಲೇ ಹಾಕಿಸಿ, ಬಿಲ್ ಕೇಳಿ ಪಡೆಯಿರಿ, ‘ಸ್ವಲ್ಪ ಬೆರೆಸಿದರೆ ಮೈಲೇಜ್ ಬರುತ್ತೆ ಸಾರ್’ ಎನ್ನುವವರ ಮಾತು ಕೇಳಬೇಡಿ. ಬೆರಕೆ ಇಂಧನಕ್ಕೆ ಈ ಕೈಪಿಡಿಯ ಯಾವ ಗ್ಯಾರಂಟಿಯೂ ಅನ್ವಯಿಸುವುದಿಲ್ಲ.